ಮುಂಬಾಗಿಲು ನನ್ನದು

ಬೆದರಿಕೆ ಪತ್ರ ಮೊದಲು ಸಿಕ್ಕಿದ್ದು ನನ್ನ ಕೈಗೇ. ಸಿಗಲೇಬೇಕಿತ್ತು, ಏಕೆಂದರೆ ನಮ್ಮ ಚರ್ಚಿನ ಮುಂಬಾಗಿಲ ಕೀಲಿ ಇಪ್ಪತ್ತಾರು ವರ್ಷದಿಂದ ನನ್ನ ಹತ್ತಿರವೇ ಇದೆ. ಮಂಗಳವಾರ ಬೆಳಿಗ್ಗೆ ಗುಡಿಸಲು ಹೋದಾಗ ಬಾಗಿಲ ಸಂದಿಯಿಂದ ಒಳಗೆ ತೂರಿಸಿದ ಲಕೋಟೆ ನೆಲದ ಮೇಲೆ ಬಿದ್ದಿತ್ತು. ಒಳಗೆ ಟೈಪು ಮಾಡಿದ ಎರಡೇ ಸಾಲು: "ಮುಂದಿನ ತಿಂಗಳ ಮೊದಲ ಭಾನುವಾರ ನಿಮ್ಮ ಬಾಗಿಲು ತೆರೆಯಕೂಡದು. ತೆರೆದರೆ ಆಮೇಲೆ ಆಗುವುದಕ್ಕೆ ನೀವೇ ಹೊಣೆ."

ಹೆದರಿದೆ, ಸುಳ್ಳೇಕೆ ಹೇಳಲಿ. ಅಲ್ಲೇ ಹಿಂದಿನ ಬೆಂಚಿನ ಮೇಲೆ ಕುಸಿದು ಕುಳಿತೆ. ಎರಡನೆಯ ಸಲ ಓದಿದಾಗ ಹೆದರಿಕೆ ಇಳಿದು ಮೈಯೆಲ್ಲ ಉರಿಯತೊಡಗಿತು. ಇಷ್ಟು ಬರೆಯುವ ಧೈರ್ಯ ಇದ್ದವನಿಗೆ ಕೆಳಗೆ ಒಂದು ಹೆಸರು ಹಾಕುವ ಧೈರ್ಯ ಇರಲಿಲ್ಲವಲ್ಲ! ಪತ್ರವನ್ನು ಮಡಚಿ ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡು, ಗುಡಿಸುವ ಕೆಲಸ ಮುಗಿಸಿಯೇ ಪಾದ್ರಿಗಳ ಮನೆಗೆ ಹೋದೆ. ಯಾವನೋ ಬೆದರಿಸಿದ ಎಂದು ಕಸ ಹಾಗೇ ಬಿಡುವುದಕ್ಕಾಗುತ್ತದೆಯೇ?

ನಾನು ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಷೀನು, ಬಟ್ಟೆ ಕತ್ತರಿಸುವ ಒಂದು ಮೇಜು. ವಾರದಲ್ಲಿ ಆರು ದಿನ ಅಲ್ಲೇ ಕಳೆಯುತ್ತೇನೆ. ಏಳನೆಯ ದಿನ ಚರ್ಚಿನ ಮುಂಬಾಗಿಲಲ್ಲಿ ನಿಲ್ಲುತ್ತೇನೆ. ಒಳಗೆ ಬರುವ ಪ್ರತಿಯೊಬ್ಬರ ಕೈ ಕುಲುಕಿ ಹಾಡಿನ ಪುಸ್ತಕ ಕೊಡುವುದು, ಹೊರಗೆ ಹೋಗುವಾಗ ಮತ್ತೆ ಕೈ ಕುಲುಕಿ ಪುಸ್ತಕ ವಾಪಸು ತೆಗೆದುಕೊಳ್ಳುವುದು. ಇದೂ ಒಂದು ಕೆಲಸವಾ ಎಂದು ಮೂಗು ಮುರಿಯುವವರಿದ್ದಾರೆ, ಮುರಿಯಲಿ. ನನ್ನ ಗಂಡ ತೀರಿಕೊಂಡು ಆರು ವರ್ಷವಾಯಿತು. ಸೋಮವಾರದಿಂದ ಶನಿವಾರದವರೆಗೆ ಅಳತೆ ಟೇಪು ಹಿಡಿದು ನಾನೇ ಬೇರೆಯವರನ್ನು ಮುಟ್ಟುತ್ತೇನೆಯೇ ಹೊರತು ನನ್ನನ್ನು ಮುಟ್ಟಿ ಮಾತಾಡಿಸುವವರು ಯಾರೂ ಇಲ್ಲ. ಭಾನುವಾರ ಮಾತ್ರ ನೂರ ನಲವತ್ತು ಜನ ನನ್ನ ಕೈ ಹಿಡಿಯುತ್ತಾರೆ. ಆ ಬಾಗಿಲನ್ನು ನನ್ನಿಂದ ಕಿತ್ತುಕೊಂಡರೆ ನನಗೆ ಉಳಿಯುವುದು ಆ ಎರಡು ಮಷೀನು ಅಷ್ಟೇ.

ಕಿತ್ತುಕೊಳ್ಳಲು ಬಂದವನು ಪತ್ರ ಬರೆದವನಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ.

ಪತ್ರವನ್ನು ಪೊಲೀಸರು ತೆಗೆದುಕೊಂಡು, ಆ ಭಾನುವಾರ ಒಂದು ಗಾಡಿ ಕಳಿಸುತ್ತೇವೆ ಎಂದಿದ್ದರು. ಸಂಜೆ ಚರ್ಚಿನ ಕಮಿಟಿ ಸೇರಿತು. ಕಮಿಟಿಯ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಎಲ್ಲರಿಗೂ ಅವರು ಮೇಷ್ಟ್ರು. ಖಜಾಂಚಿ ನನ್ನ ನಾದಿನಿಯ ಗಂಡ. ನಾದಿನಿ ಹಾಡುಗಾರರ ಮುಖಂಡಳು, ಹಾಗಾಗಿ ಅವಳೂ ಇದ್ದಳು. ಮಗ ಅಗ್ನಿಶಾಮಕ ದಳದಲ್ಲಿ ಅಧಿಕಾರಿ. ಸಲಹೆ ಕೊಡಲು ಅವನನ್ನು ಕರೆಸಿದ್ದರು. ನಾನು ಕಮಿಟಿಯಲ್ಲಿಲ್ಲ. ಚಹಾ ಕೊಡಲು ಹೋದವಳು, ಲೋಟ ಖಾಲಿಯಾದ ಮೇಲೂ ಅಲ್ಲೇ ಉಳಿದೆ.

"ಒಂದು ಭಾನುವಾರ ತಾನೇ? ಮುಚ್ಚಿದ್ರೆ ನಮ್ಮ ಗಂಟೇನು ಹೋಗುತ್ತೆ?" ಎಂದರು ಮೇಷ್ಟ್ರು. "ಎಲ್ಲರೂ ಅವರವರ ಮನೇಲೇ ಪ್ರಾರ್ಥನೆ ಮಾಡ್ಕೊಳ್ಳೋಣ."

ನನಗೆ ತಡೆಯಲಾಗಲಿಲ್ಲ. "ಈಗ ಒಂದು ಭಾನುವಾರ ಅಂತಾನೆ ಮೇಷ್ಟ್ರೇ. ಮುಚ್ಚಿದ್ರೆ ಮುಂದಿನ ಪತ್ರದಲ್ಲಿ ನಾಲ್ಕು ಭಾನುವಾರ ಅಂತ ಬರೀತಾನೆ. ಆಮೇಲೆ ಮದುವೆ ಮಾಡಬೇಡಿ ಅಂತಾನೆ, ಹೆಣ ಹೂಳಬೇಡಿ ಅಂತಾನೆ. ಅವನು ಹೇಳಿದಾಗಲೆಲ್ಲ ಚಿಲಕ ಹಾಕ್ಕೊಂಡು ಕೂರೋಕೆ ಇದೇನು ಅವನಪ್ಪನ ಮನೇನಾ?"

"ತೆರೀಬಹುದು," ಎಂದ ಮಗ. "ಆದ್ರೆ ಈಗಿರೋ ಹಾಗೇ ತೆರೆದ್ರೆ ಪತ್ರ ಬರೆದೋನು ಏನೂ ಮಾಡಬೇಕಾಗಿಲ್ಲ. ಒಂದು ಪಟಾಕಿ ಹೊಡೆದ್ರೆ ಸಾಕು, ನೀವೇ ಒಬ್ಬರನ್ನೊಬ್ಬರು ತುಳ್ಕೊಂಡು ಸಾಯ್ತೀರ. ಎರಡು ಪಕ್ಕದ ಬಾಗಿಲಿಗೂ ಬೀಗ. ಬೆಂಕಿ ಆರಿಸೋ ಸಿಲಿಂಡರಿಗೆ ಯಾರೋ ಛತ್ರಿ ನೇತು ಹಾಕಿದ್ದಾರೆ." ಅವನು ನನ್ನ ಕಡೆ ನೋಡದೆ ಮುಂದುವರಿಸಿದ. "ಇನ್ನೊಂದು. ಮುಂಬಾಗಿಲಲ್ಲಿ ವಯಸ್ಸಾದೋರು ನಿಲ್ಲಬಾರದು. ಗಟ್ಟಿಮುಟ್ಟಾದ ಇಬ್ಬರು ಗಂಡಸರು ಬೇಕು."

ವಯಸ್ಸಾದೋರಂತೆ! ಅರವತ್ತಮೂರು ಒಂದು ವಯಸ್ಸೇ?

"ಆ ಗಟ್ಟಿಮುಟ್ಟು ಗಂಡಸರು ಬಾಗಿಲಲ್ಲಿ ನಿಂತು ಏನು ನೋಡ್ತಾರೆ?" ಎಂದು ಕೇಳಿದೆ.

"ಬರೋರ ಬಟ್ಟೆ, ಬ್ಯಾಗು, ಜೇಬು. ಏನಾದ್ರೂ ಬಚ್ಚಿಟ್ಕೊಂಡಿದ್ದಾರಾ ಅಂತ."

"ಹಾಗಾದ್ರೆ ಕೇಳು. ಮೇಷ್ಟ್ರ ಕೋಟಿನ ಒಳಜೇಬಲ್ಲಿ ಒಂದು ಕನ್ನಡಕ ಇದೆ, ಎಡಗಡೆ ಜೇಬಲ್ಲಿ ಇನ್ನೊಂದಿದೆ. ಮನೆಗೆ ಹೋಗಿ ಮೂರನೇದನ್ನ ಹುಡುಕ್ತಾರೆ. ಪಾದ್ರಿಗಳ ಬಲಜೇಬಲ್ಲಿ ಕೀಲಿಗೊಂಚಲು. ಅದರ ಭಾರಕ್ಕೆ ಆ ಕಡೆ ಹೊಲಿಗೆ ಬಿಟ್ಟಿದೆ, ನಾಳೆ ಕಳಿಸಿಕೊಡಿ ಅಯ್ಯಾ, ಹಾಕಿಕೊಡ್ತೀನಿ. ಖಜಾಂಚಿಗಳ ಹಿಂದಿನ ಜೇಬಲ್ಲಿ ಎರಡು ಬಿಸ್ಕತ್ತು. ಒಂದರ ಮೇಲೆ ಕೂತ್ಕೊಂಡು ಪುಡಿ ಮಾಡಿದ್ದಾರೆ."

ಖಜಾಂಚಿಗೆ ಸಕ್ಕರೆ ಕಾಯಿಲೆ. ನನ್ನ ನಾದಿನಿ ಗಂಡನ ಕಡೆ ತಿರುಗಿ ಅಂಗೈ ಚಾಚಿದಳು. "ತೆಗೀರಿ," ಎಂದಳು. ಅವರು ತೆಗೆದರು. ಪುಡಿಯನ್ನೂ ತೆಗೆದರು.

"ನಿನ್ನ ಶರ್ಟಿನ ಜೇಬಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದ ಇದೆ," ಎಂದೆ ಮಗನಿಗೆ. "ಮುಂಬಾಗಿಲಿಗೆ ಯಾರ್‍ಯಾರು ಅಂತ ಆಗಲೇ ಬರ್ಕೊಂಡು ಬಂದಿದ್ದೀಯ. ನನ್ನನ್ನ ಕೇಳದೆ."

ಅವನ ಕಿವಿ ಕೆಂಪಾಯಿತು. ಪಾದ್ರಿಗಳು ನಗು ತಡೆಯಲು ಕೆಮ್ಮಿದರು. ಆ ಭಾನುವಾರ ಚರ್ಚು ತೆರೆಯುವುದೆಂದೂ, ಅಷ್ಟರೊಳಗೆ ಮಗ ಹೇಳಿದ್ದೆಲ್ಲ ಮಾಡುವುದೆಂದೂ ತೀರ್ಮಾನವಾಯಿತು. ಮುಂಬಾಗಿಲ ವಿಷಯ ಮಾತ್ರ ಒಂದು ಡ್ರಿಲ್ ಮಾಡಿ ನೋಡಿದ ಮೇಲೆ ಹೇಳೋಣ ಎಂದರು ಪಾದ್ರಿಗಳು.

ಮರುದಿನದಿಂದಲೇ ಕೆಲಸ ಹತ್ತಿಕೊಂಡಿತು. ಎಡಗಡೆ ಬಾಗಿಲ ಕೀಲಿ ಹನ್ನೊಂದು ವರ್ಷದ ಹಿಂದೆಯೇ ಕಳೆದಿತ್ತು. ಮಗ ಬೀಗ ಒಡೆದ. ಅದರ ಹಿಂದೆ ಮುರಿದ ಬೆಂಚುಗಳು, ಬಣ್ಣದ ಡಬ್ಬಿಗಳು, ಸ್ವರ ಸತ್ತ ಒಂದು ಹಾರ್ಮೋನಿಯಂ. ಬಲಗಡೆ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಜನ ಒಮ್ಮೆಲೇ ನುಗ್ಗಿದರೆ ಒಳಕ್ಕೆ ತೆರೆಯುವ ಬಾಗಿಲು ತೆರೆಯುವುದೇ ಇಲ್ಲ ಎಂದು ಹೇಳಿ, ಬಡಗಿಯನ್ನು ಕರೆಸಿ ಕೀಲು ಬದಲಿಸಿ, ಹೊರಕ್ಕೆ ತೆರೆಯುವ ಹಾಗೆ ಮಾಡಿಸಿದ. ಸಿಲಿಂಡರಿನ ಅವಧಿ ಯಾವ ಕಾಲದಲ್ಲೋ ಮುಗಿದಿತ್ತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದರೆ ಕೆಮ್ಮಿನ ಗುಳಿಗೆ ಮತ್ತು ನಾನು ಎರಡು ವರ್ಷದಿಂದ ಹುಡುಕುತ್ತಿದ್ದ ಕತ್ತರಿ.

ನಡುದಾರಿಯಲ್ಲಿದ್ದ ಹೂವಿನ ಸ್ಟ್ಯಾಂಡನ್ನು ತೆಗೆಯಬೇಕು ಎಂದಾಗ ನಾದಿನಿ ರಂಪ ಮಾಡಿದಳು. "ನಮ್ಮಮ್ಮ ಕೊಟ್ಟಿದ್ದು ಅದು! ಹೂವು ಯಾರನ್ನ ಕೊಲ್ಲುತ್ತೆ?" ಎಂದಳು.

"ಹೂವಲ್ಲ ಅತ್ತೆ, ಅದರ ಮೂರು ಕಾಲು. ಹೊಗೇಲಿ ಮೊದಲನೆಯವರು ಎಡವಿ ಬಿದ್ರೆ ಹಿಂದಿನೋರೆಲ್ಲ ಅವರ ಮೇಲೆ," ಎಂದ ಮಗ. ಅವಳು ಮುಖ ಊದಿಸಿಕೊಂಡು ಸ್ಟ್ಯಾಂಡನ್ನು ತಾನೇ ಎತ್ತಿಕೊಂಡು ಹೋದಳು. ಯಾರಿಗೂ ಮುಟ್ಟಲು ಬಿಡಲಿಲ್ಲ.

ನನಗೂ ಒಂದು ಕೊಟ್ಟ. ಮುಂಬಾಗಿಲ ಪಕ್ಕದ ಗೋಡೆಗೆ ಒಂದು ಗುಂಡಿ. ಅದನ್ನು ಒತ್ತಿದರೆ ಪಾದ್ರಿಗಳು ನಿಂತು ಪ್ರಸಂಗ ಮಾಡುವ ಪೀಠದ ಮೇಲೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. "ಇದು ಬಾಗಿಲಲ್ಲಿ ನಿಲ್ಲೋರಿಗೆ," ಎಂದ. ನಿನಗೆ ಎನ್ನಲಿಲ್ಲ. ಮಹಾ ಜಾಣ.

ಆ ಡ್ರಿಲ್‌ನ ಕತೆ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಪತ್ರದಲ್ಲಿದ್ದ ಭಾನುವಾರಕ್ಕೆ ಎರಡು ವಾರ ಮುಂಚೆ ಅದನ್ನು ಮಾಡಿದ್ದು, ಎಲ್ಲರಿಗೂ ಮೊದಲೇ ಹೇಳಿಯೂ ಆಗಿತ್ತು. ಪ್ರಸಂಗದ ನಡುವೆ ಮಗ ಎದ್ದು ನಿಂತು ಸೀಟಿ ಊದಿ, "ಬೆಂಕಿ! ಎಲ್ಲರೂ ಹೊರಗೆ!" ಎಂದು ಕೂಗಿದ. ಒಬ್ಬರೂ ಏಳಲಿಲ್ಲ. ಎಲ್ಲರೂ ಪಾದ್ರಿಗಳ ಮುಖ ನೋಡಿದರು. ಏಕೆಂದರೆ ನಮ್ಮ ಚರ್ಚಿನಲ್ಲಿ ಕೊನೆಯ ಆಶೀರ್ವಾದ ಆಗುವ ಮುಂಚೆ ಯಾರೂ ಎದ್ದು ಹೋಗುವುದಿಲ್ಲ. ಕರ್ತನ ಕೊನೆಯ ಊಟ ಮುಗಿಯುವ ಮುಂಚೆ ಎದ್ದು ಹೋದವನು ಆತನನ್ನು ಹಿಡಿದುಕೊಟ್ಟ ಯೂದ ಎಂದು ಹಾಲು ಕುಡಿಯುವ ಮಗುವಿಗೂ ಕಲಿಸಿದ್ದೇವೆ. ಒಮ್ಮೆ ಹೊಟ್ಟೆ ಕೆಟ್ಟು ಎದ್ದು ಹೋದ ಮೇಷ್ಟ್ರನ್ನೇ ಒಂದು ತಿಂಗಳು ಯೂದ ಎಂದು ಛೇಡಿಸಿದ್ದೆವು.

ಪಾದ್ರಿಗಳೋ, ಪಾಪ, ಜನ ತಮ್ಮನ್ನು ನೋಡಿದ ಕೂಡಲೇ ಅಭ್ಯಾಸಬಲದಿಂದ ಎರಡೂ ಕೈ ಎತ್ತಿದರು. ರೋಗಿಗಳು, ಪ್ರಯಾಣಿಕರು, ವಿಧವೆಯರು, ಪರೀಕ್ಷೆ ಬರೆಯುವವರು, ಆಳುವವರು, ಒಬ್ಬರನ್ನೂ ಬಿಡದೆ ಆಶೀರ್ವದಿಸಿದರು. ಅವರು ಆಮೆನ್ ಎಂದ ಕೂಡಲೇ ನಾದಿನಿ ಮುಕ್ತಾಯದ ಹಾಡು ಎತ್ತಿದಳು. ಮೂರು ಚರಣ, ಕೊನೆಯದನ್ನು ಎರಡು ಸಲ. ಆಮೇಲೆ, ಹೊಸದಾಗಿ ತೆರೆಸಿದ ಪಕ್ಕದ ಬಾಗಿಲುಗಳ ಕಡೆ ಕಣ್ಣೆತ್ತಿಯೂ ನೋಡದೆ, ಎಲ್ಲರೂ ಪುಸ್ತಕ ಹಿಡಿದುಕೊಂಡು ಮುಂಬಾಗಿಲಿಗೆ ಸಾಲುಗಟ್ಟಿದರು. ನನ್ನ ಕೈ ಕುಲುಕಲು! ನಾನಾದರೂ ಬುದ್ಧಿ ಉಪಯೋಗಿಸಿದೆನೇ? ಇಲ್ಲ. ಒಬ್ಬೊಬ್ಬರ ಮಂಡಿನೋವು, ಮೊಮ್ಮಗುವಿನ ಜ್ವರ ವಿಚಾರಿಸಿಕೊಂಡು ಕುಲುಕಿದೆ.

ಕೊನೆಯವರು ಹೋದ ಮೇಲೆ ಮಗ ನನ್ನೆದುರು ಬಂದು ನಿಂತು ಗಡಿಯಾರ ತೋರಿಸಿದ. "ಹತ್ತೊಂಬತ್ತು ನಿಮಿಷ. ದಟ್ಟ ಹೊಗೇಲಿ ಮನುಷ್ಯನಿಗೆ ಎರಡು ಮೂರು ನಿಮಿಷ ಸಿಕ್ಕಿದ್ರೆ ಹೆಚ್ಚು. ನೀನು ಇಷ್ಟು ಹೊತ್ತು ಕೈ ಕುಲುಕಿದ್ದು ಹೆಣಗಳ ಜೊತೆ ಅಮ್ಮಾ."

ಅಷ್ಟು ಕಟುವಾಗಿ ಅವನು ನನ್ನ ಹತ್ತಿರ ಎಂದೂ ಮಾತಾಡಿದವನಲ್ಲ. ಅವನು ಹೇಳಿದ್ದು ನಿಜವಾಗಿತ್ತು. ಮನೆಗೆ ಬಂದು ಮಷೀನಿನ ಮುಂದೆ ಕುಳಿತರೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ, ಕಣ್ಣು ತುಂಬಿ ಬರುತ್ತಿತ್ತು. ಜನರನ್ನು ಕಾಯುತ್ತೇನೆ ಎಂದುಕೊಂಡಿದ್ದ ನನ್ನ ಕೈಯೇ ಅವರನ್ನು ಬಾಗಿಲಲ್ಲಿ ಕಟ್ಟಿಹಾಕಿತ್ತಲ್ಲ!

ಆದರೆ ಅಳುತ್ತಾ ಕೂರುವ ಜಾಯಮಾನ ನನ್ನದಲ್ಲ. ತಪ್ಪಾಗಿ ಕತ್ತರಿಸಿದ ಬಟ್ಟೆಯನ್ನು ಬಿಸಾಡುವವಳು ಟೈಲರೇ ಅಲ್ಲ. ಸೋಮವಾರ ಬೆಳಿಗ್ಗೆ ಪಾದ್ರಿಗಳ ಮನೆಗೆ ಹೋದೆ.

"ಅಯ್ಯಾ, ಅಪಾಯದ ದಿನಕ್ಕೆ ಒಂದು ಪುಟ್ಟ ಆಶೀರ್ವಾದ ಬೇಕು. ಅದಿಲ್ಲದೆ ಈ ಜನ ಜಪ್ಪಯ್ಯ ಅಂದ್ರೂ ಏಳಲ್ಲ," ಎಂದೆ.

"ನಲವತ್ತು ವರ್ಷದಿಂದ ಹೇಳ್ತಿರೋದನ್ನ ಕತ್ತರಿಸೋದು ಹೇಗಮ್ಮಾ?"

"ಕತ್ತರಿಸೋದು ನನ್ನ ಕಸುಬು. ನಿಮ್ಮದು ಅಷ್ಟೂ ಮುಗಿಯೋ ಹೊತ್ತಿಗೆ ಆಮೆನ್ ಅನ್ನೋಕೆ ಯಾರೂ ಉಳಿದಿರಲ್ಲ."

ಅವರು ಬಹಳ ಹೊತ್ತು ಯೋಚಿಸಿದರು. ಕೊನೆಗೆ, "ಕರ್ತನು ನಿಮ್ಮ ಮುಂದೆ ಹೋಗ್ತಿದ್ದಾನೆ, ಏಳಿ," ಎಂದರು. ನನಗೆ ಅದು ಉದ್ದದ್ದಕ್ಕಿಂತ ಚೆನ್ನಾಗಿದೆ ಅನಿಸಿತು, ಹೇಳಲಿಲ್ಲ. ಅಲ್ಲಿಂದ ನಾದಿನಿಯ ಮನೆಗೆ ಹೋಗಿ, ಕೆಂಪು ದೀಪ ಬಂದ ದಿನ ಹಾಡು ಎತ್ತಬೇಡ ಎಂದೆ. "ಆಮೇಲೆ ಯಾವಾಗ ಹಾಡೋದು ಅತ್ತಿಗೆ?" ಎಂದಳು. "ಬದುಕಿದ್ರೆ ಮೈದಾನದಲ್ಲಿ ಹಾಡು, ಎಷ್ಟು ಚರಣ ಬೇಕೋ ಅಷ್ಟು," ಎಂದೆ.

ಮುಂದಿನ ಭಾನುವಾರ ನಾನೇ ಸಭೆಯ ಮುಂದೆ ನಿಂತೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಕಡೆಯಿಂದ ಈ ಜನರನ್ನು ನೋಡಿದ್ದು. "ಪಾದ್ರಿಗಳು 'ಏಳಿ' ಅಂದ್ರೆ ಏಳಬೇಕು. ಪುಸ್ತಕ ಬೆಂಚಿನ ಮೇಲೇ ಬಿಡಬೇಕು. ಪಕ್ಕದ ಬಾಗಿಲಿಂದ ಹಿಂದಿನ ಮೈದಾನಕ್ಕೆ ಹೋಗಬೇಕು. ಆವತ್ತು ಯಾರಾದ್ರೂ ಕೈ ಚಾಚಿಕೊಂಡು ನನ್ನ ಹತ್ತಿರ ಬಂದ್ರೆ ಆ ಕೈ ಮೇಲೆ ಬಾರಿಸ್ತೀನಿ, ನೆನಪಿರಲಿ!" ಎಂದೆ. ನಕ್ಕರು. ಆದರೆ ಎರಡನೆಯ ಡ್ರಿಲ್ ಎರಡು ನಿಮಿಷ ಐವತ್ತು ಸೆಕೆಂಡಿಗೆ ಮುಗಿಯಿತು. ಮಗ ಗಡಿಯಾರವನ್ನು ಎರಡು ಸಲ ನೋಡಿಕೊಂಡ. ಮುಂಬಾಗಿಲು ನನಗೇ ಇರಲಿ ಎಂದರು ಪಾದ್ರಿಗಳು.

ಹಾಗೆಂದು ಅವನು ಸೋಲೊಪ್ಪಿದನೆಂದುಕೊಳ್ಳಬೇಡಿ. ಶನಿವಾರ ಮಧ್ಯಾಹ್ನ ಊಟಕ್ಕೆ ಬಂದ. ತಟ್ಟೆಯಲ್ಲಿ ಕೈಯಾಡಿಸುತ್ತಾ ಕುಳಿತಿದ್ದ, ತುತ್ತು ಬಾಯಿಗೆ ಹೋಗಲಿಲ್ಲ.

"ನಾಳೆ ಒಂದಿನ ಬೇಡಮ್ಮಾ. ನಾಳೆ ಒಂದಿನ ಒಳಗೆ ಮೂರನೇ ಬೆಂಚಲ್ಲಿ ಕೂತ್ಕೋ. ಆಮೇಲೆ ನೂರು ವರ್ಷ ಬಾಗಿಲಲ್ಲಿ ನಿಲ್ಲು."

"ನಾಳೆ ನಿಲ್ಲದೆ ಇದ್ರೆ ಆ ನೂರು ವರ್ಷ ಯಾಕೆ ಬೇಕು ನನಗೆ? ಜನ ನಾಳೆ ಹೆದರಿಕೊಂಡು ಬರ್ತಾರೆ. ಬಾಗಿಲಲ್ಲಿ ಪ್ರತಿ ವಾರ ಇರೋ ಮುಖ ಇಲ್ಲ ಅಂದ್ರೆ ಅರ್ಧ ಜನ ಗೇಟಿಂದಲೇ ವಾಪಸು ಹೋಗ್ತಾರೆ. ಪತ್ರ ಬರೆದೋನಿಗೆ ಬೇಕಾಗಿರೋದು ಅದೇ ತಾನೇ?"

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ಎಷ್ಟೋ ಜನರನ್ನ ಈ ಹೆಗಲ ಮೇಲೆ ಹೊತ್ಕೊಂಡು ಹೊರಗೆ ತಂದಿದ್ದೀನಿ. ಅದ್ರಲ್ಲಿ ಕೆಲವರು ಉಳೀಲಿಲ್ಲ. ಯಾರೂ ನನ್ನ ಅಮ್ಮ ಆಗಿರ್ಲಿಲ್ಲ, ಅದಕ್ಕೆ ಮನೆಗೆ ಬಂದು ಊಟ ಮಾಡೋಕೆ ಆಗ್ತಿತ್ತು," ಎಂದ.

ಎದ್ದು ಹೋಗಿ ಅವನ ತಲೆ ಸವರಿದೆ. ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಅವನು ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡ. ಆದರೂ ನನ್ನ ಬಾಯಿಂದ ಸರಿ ಎಂಬ ಮಾತು ಬರಲಿಲ್ಲ. ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಕೊನೆಗೆ ಒಪ್ಪಂದವಾಯಿತು: ಏನಾದರೂ ಕಂಡರೆ ನಾನು ಗುಂಡಿ ಒತ್ತಬೇಕು, ಬಾಗಿಲು ಎಳೆದು ಒಳಗಿನಿಂದ ಚಿಲಕ ಹಾಕಬೇಕು, ತಿರುಗಿ ನೋಡದೆ ಪಕ್ಕದ ಬಾಗಿಲಿಗೆ ಓಡಬೇಕು. ಮಾತು ಕೊಟ್ಟೆ. ಕೊಡುವಾಗ ಅದನ್ನು ಮುರಿಯುವ ಯೋಚನೆ ನನಗೆ ನಿಜವಾಗಿಯೂ ಇರಲಿಲ್ಲ.

ಭಾನುವಾರ ಏಳೂವರೆಗೆ ಬಾಗಿಲು ತೆರೆದೆ. ಎರಡು ರೆಕ್ಕೆಯನ್ನೂ ಗೋಡೆಗೆ ತಾಗುವಷ್ಟು ಹಾರುಹೊಡೆದೆ. ಬರುವವನು ದೂರದಿಂದಲೇ ನೋಡಲಿ ಎಂದು. ಎಂಟು ಗಂಟೆಗೆ ಪೊಲೀಸ್ ಗಾಡಿ ಬಂದು ಗೇಟಿನ ಬಳಿ ನಿಂತಿತು. ಜನ ಬಂದರು. ನೂರ ನಲವತ್ತಲ್ಲ, ನೂರ ಅರವತ್ತೆಂಟು! ವರ್ಷಕ್ಕೊಮ್ಮೆ ಮುಖ ತೋರಿಸುವವರೂ ತಲೆ ಬಾಚಿಕೊಂಡು ಬಂದಿದ್ದರು. ಎಲ್ಲರ ಕೈಯೂ ತಣ್ಣಗಿತ್ತು, ನನ್ನದೂ. ಆದರೂ ಹಿಡಿತ ಗಟ್ಟಿಯಾಗಿತ್ತು. ಬೇಡ ಬೇಡ ಎನ್ನುತ್ತಿದ್ದ ಮೇಷ್ಟ್ರು ಎಲ್ಲರಿಗಿಂತ ಮೊದಲು ಬಂದಿದ್ದರು. "ಮನೇಲಿ ಕೂರೋಕೆ ನಾಚಿಕೆ ಆಯ್ತು ಕಣಮ್ಮ," ಎಂದರು.

ಎಂಟೂವರೆಗೆ ಆರಾಧನೆ ಶುರುವಾಯಿತು. ಒಂಬತ್ತರ ಹೊತ್ತಿಗೆ ಪೊಲೀಸ್ ಗಾಡಿಗೆ ಎಲ್ಲಿಂದಲೋ ಕರೆ ಬಂದು, ಹತ್ತು ನಿಮಿಷದಲ್ಲಿ ಬರುತ್ತೇವೆ ಎಂದು ಹೇಳಿ ಹೋದರು. ಅದನ್ನೇ ಕಾಯುತ್ತಿದ್ದರೋ ಏನೋ, ಗಾಡಿ ಮರೆಯಾದ ಕೂಡಲೇ ಎರಡು ಮೋಟಾರ್ ಸೈಕಲ್ ಗೇಟಿನೊಳಕ್ಕೆ ನುಗ್ಗಿದವು. ನಾಲ್ಕು ಜನ. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು. ಒಬ್ಬನ ಕೈಯಲ್ಲಿ ಪೆಟ್ರೋಲಿನ ಕ್ಯಾನು, ಇನ್ನೊಬ್ಬನ ಕೈಯಲ್ಲಿ ಇಟ್ಟಿಗೆ ಗಾತ್ರದ ಕಲ್ಲು.

ಗುಂಡಿ ಒತ್ತಿದೆ. ಒಳಗೆ ಪಾದ್ರಿಗಳ ದನಿ ಅರ್ಧ ವಾಕ್ಯದಲ್ಲಿ ನಿಂತಿತು, ಮರುಕ್ಷಣ, "ಕರ್ತನು ನಿಮ್ಮ ಮುಂದೆ ಹೋಗ್ತಿದ್ದಾನೆ, ಏಳಿ!" ಎಂದು ಕೇಳಿತು. ಬೆಂಚುಗಳು ಸದ್ದು ಮಾಡಿದವು. ಬಾಗಿಲು ಎಳೆದುಕೊಳ್ಳಲು ಕೈ ಹಾಕಿದೆ. ಆಗ ಕಂಡರು, ಗಡಿಯಾರದಜ್ಜ.

ಗಡಿಯಾರ ರಿಪೇರಿ ಮಾಡುವ ಅವರಿಗೆ ಎಂಬತ್ತೊಂದು ವರ್ಷ. ಊರಿನ ಗಡಿಯಾರವನ್ನೆಲ್ಲ ಸರಿ ಮಾಡಿ ತಾವು ಮಾತ್ರ ಪ್ರತಿ ವಾರ ಅರ್ಧ ಗಂಟೆ ತಡ. ನಾಲ್ಕು ಕಾಲಿನ ಊರುಗೋಲು ಮುಂದಿಟ್ಟು, ಒಂದು ಹೆಜ್ಜೆ ಇಟ್ಟು, ನಿಂತು ಉಸಿರು ಬಿಟ್ಟು, ಗೇಟಿಗೂ ಮೆಟ್ಟಿಲಿಗೂ ನಡುವೆ ಬರುತ್ತಿದ್ದರು. ಮೋಟಾರ್ ಸೈಕಲ್ ಅವರ ಬೆನ್ನ ಹಿಂದೆಯೇ ಇದ್ದವು. ನಾನು ಒಳಗಿನಿಂದ ಚಿಲಕ ಹಾಕಿದರೆ ಹೊರಗೆ ಆ ನಾಲ್ವರು ಮತ್ತು ಗಡಿಯಾರದಜ್ಜ ಮಾತ್ರ.

ಯೋಚನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಹೊರಗೆ ಕಾಲಿಟ್ಟು ಎರಡೂ ರೆಕ್ಕೆ ಎಳೆದೆ, ಹೊರಗಿನ ಕೊಂಡಿಗೆ ಬೀಗ ಜಡಿದೆ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವರು ಗಾಡಿ ನಿಲ್ಲಿಸಿ ಇಳಿಯುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿ ಅಜ್ಜನ ತೋಳು ಹಿಡಿದುಕೊಂಡು ಬಂದು ಬಾಗಿಲಿಗೆ ಒರಗಿಸಿ ನಿಲ್ಲಿಸಿದೆ. ಅವರ ಮುಂದೆ ನಾನು ನಿಂತೆ. "ಶುರುವಾಗಿ ಹೋಯ್ತೇನಮ್ಮಾ?" ಎಂದರು ಅಜ್ಜ. "ನಿಮಗೋಸ್ಕರ ನಿಲ್ಲಿಸಿದ್ದೀವಿ," ಎಂದೆ.

"ಏಯ್ ಮುದುಕಿ, ಬಾಗಿಲು ತೆಗಿ!" ಎಂದು ಕ್ಯಾನು ಹಿಡಿದವನು ಅರಚಿದ.

"ತೆರೀಬೇಡಿ ಅಂತ ಪತ್ರ ಬರೆದೋರು ನೀವೇ, ಈಗ ತೆಗಿ ಅಂತೀರ. ಮೊದಲು ನಿಮ್ಮಲ್ಲೇ ಒಂದು ಮಾತಿಗೆ ಬನ್ನಿ!" ಎಂದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ದೊಡ್ಡದಾಗಿತ್ತು.

ಆಗಲೇ ನನ್ನ ಕಣ್ಣಿಗೆ ಬಿದ್ದದ್ದು ಅವರ ಶರ್ಟು. ನಾಲ್ವರದೂ ಒಂದೇ ಬಟ್ಟೆ, ಒಂದೇ ಬಣ್ಣ, ಪೊಟ್ಟಣದಿಂದ ತೆಗೆದ ಮಡಿಕೆ ಗುರುತೂ ಹೋಗಿಲ್ಲ. "ಯಾರೋ ಕೊಡ್ಸಿ ಕಳಿಸಿದ್ದಾರೆ ನಿಮ್ಮನ್ನ," ಎಂದೆ. "ಅಳತೆ ಕೂಡ ನೋಡಿಲ್ಲ. ನಿನ್ನ ಭುಜ ಎರಡು ಬೆರಳು ಕೆಳಗೆ ಬಿದ್ದಿದೆ, ಅವನ ತೋಳು ಮೊಣಕೈಗೆ ನಿಂತಿದೆ. ನಿಮ್ಮ ಮೈಗೆ ಸರಿಯಾಗಿ ಒಂದು ಶರ್ಟು ಹೊಲಿಸದೇ ಇರೋನು, ನಾಳೆ ಜೈಲಿಗೆ ಹೋದ್ರೆ ನಿಮ್ಮನ್ನ ಬಿಡಿಸೋಕೆ ಬರ್ತಾನಾ?"

ಕಲ್ಲು ಹಿಡಿದಿದ್ದವನು ತನಗೇ ಗೊತ್ತಿಲ್ಲದೆ ತನ್ನ ತೋಳು ನೋಡಿಕೊಂಡ. ಕ್ಯಾನಿನವನು, "ಹೊಡಿಯೋ ಅದಕ್ಕೆ!" ಎಂದ. ಕಲ್ಲು ಬಂತು. ನನ್ನ ಕಿವಿಯ ಪಕ್ಕದಲ್ಲಿ ಬಾಗಿಲ ಹಲಗೆಗೆ ಬಡಿದು ಚಕ್ಕೆ ಹಾರಿಸಿ ಕಾಲ ಬುಡದಲ್ಲಿ ಬಿತ್ತು. ಹಿಂದೆ ಅಜ್ಜ ಜೋರಾಗಿ ಪ್ರಾರ್ಥನೆ ಶುರುಮಾಡಿದರು. ಇನ್ನೇನು ಮುಗಿಯಿತು ಎಂದುಕೊಂಡೆ. ಆ ನಾಲ್ವರು ಮೆಟ್ಟಿಲ ಕಡೆ ಎರಡು ಹೆಜ್ಜೆ ಇಟ್ಟರು.

ಅಷ್ಟರಲ್ಲಿ ಕಟ್ಟಡದ ಎಡಗಡೆಯಿಂದ ಕಾಲಸಪ್ಪಳ ಕೇಳಿತು, ಬಲಗಡೆಯಿಂದಲೂ. ಮೊದಲು ಕಂಡವಳು ನನ್ನ ನಾದಿನಿ. ಮೈದಾನಕ್ಕೆ ಹೋಗಿ ನನ್ನನ್ನು ಹುಡುಕಿದಳಂತೆ. "ನಮ್ಮತ್ತಿಗೆ ಎಲ್ಲಿ?" ಎಂದು ಒಂದೇ ಸಲ ಕೇಳಿದಳಂತೆ. ಯಾರೂ ಉತ್ತರ ಕೊಡದಿದ್ದಾಗ ಹಿಂದೆ ಮುಂದೆ ನೋಡದೆ ತಿರುಗಿ ಓಡಿ ಬಂದಳಂತೆ. ಅವಳ ಹಿಂದೆ ಖಜಾಂಚಿ, ಅವರ ಹಿಂದೆ ಮೇಷ್ಟ್ರು, ಪಾದ್ರಿಗಳು, ಮಗುವನ್ನು ಸೊಂಟದಲ್ಲಿಟ್ಟುಕೊಂಡ ತಾಯಂದಿರು, ನೂರ ಅರವತ್ತೆಂಟೂ ಜನ. ಮಗ ಸೀಟಿ ಊದುತ್ತಾ, "ಮೈದಾನಕ್ಕೆ! ಎಲ್ಲರೂ ಮೈದಾನಕ್ಕೆ ವಾಪಸು ಹೋಗಿ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಯಾರೂ ಅವನ ಮಾತಿಗೆ ಕವಡೆ ಕಿಮ್ಮತ್ತು ಕೊಡಲಿಲ್ಲ. ಎಲ್ಲರೂ ಬಂದು ಮೆಟ್ಟಿಲ ಮೇಲೆ ನನ್ನ ಮುಂದೆ, ಅಕ್ಕಪಕ್ಕ ನಿಂತರು. ಯಾರೂ ಬೈಯಲಿಲ್ಲ, ಕೈ ಎತ್ತಲಿಲ್ಲ. ಸುಮ್ಮನೆ ನಿಂತು ಆ ನಾಲ್ವರ ಮುಖ ನೋಡಿದರು.

ಆ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಯಾನಿನವನು ಕ್ಯಾನನ್ನು ಅಲ್ಲೇ ಹಾಕಿ ಮೋಟಾರ್ ಸೈಕಲ್ ಏರಿದ. "ಮುಂದಿನ ವಾರ ಬರ್ತೀವಿ, ನೋಡ್ಕೊಳ್ಳಿ!" ಎಂದು ಕೂಗಿದ.

"ಎಂಟೂವರೆಗೆ ಶುರು!" ಎಂದು ನಾನೂ ಕೂಗಿದೆ.

ಅವರು ಕಣ್ಮರೆಯಾದ ಮೇಲೆ ಮಗ ಜನರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದ. ಮುಖ ಬಿಳಿಚಿಕೊಂಡಿತ್ತು, ಕಣ್ಣು ಒದ್ದೆಯಾಗಿತ್ತು. "ಹೊರಗಿಂದ ಬೀಗ ಹಾಕಿದ್ಯಾ? ಜನ ಒಳಗಿರೋವಾಗ ಬಾಗಿಲಿಗೆ ಬೀಗ ಹಾಕಬಾರದು ಅಂತ ಎಷ್ಟು ಸಲ ಹೇಳಿದ್ದೀನಿ? ನೀನು ಕೊಟ್ಟ ಮಾತೇನು?" ಎಂದು ಗದರಿಸುತ್ತಲೇ ನನ್ನನ್ನು ಅಪ್ಪಿಕೊಂಡ.

"ತಪ್ಪಾಯ್ತು ಕಣೋ. ಮುಂದಿನ ಸಲ ಅಜ್ಜನಿಗೆ ಬೇಗ ಬರೋಕೆ ಹೇಳು," ಎಂದೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಬೀಗ ತೆಗೆದೆ. ಎಲ್ಲರೂ ಒಬ್ಬೊಬ್ಬರಾಗಿ ಒಳಗೆ ಹೋದರು. ಪಾದ್ರಿಗಳು ಅರ್ಧಕ್ಕೆ ಬಿಟ್ಟಿದ್ದ ವಾಕ್ಯದಿಂದಲೇ ಪ್ರಸಂಗ ಮುಂದುವರಿಸಿದರು. ಗಾಳಿ ಎದ್ದಿತ್ತು, ಬಾಗಿಲ ಒಂದು ರೆಕ್ಕೆ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮೆಟ್ಟಿಲ ಮೇಲೆ ಬಿದ್ದಿದ್ದ ಆ ಕಲ್ಲನ್ನು ಎತ್ತಿಕೊಂಡೆ.

"ಅಮ್ಮಾ, ಅದು ಸಾಕ್ಷಿ. ಮುಟ್ಟಬಾರದು," ಎಂದ ಮಗ.

ನಾನು ಅವನ ಮುಖ ನೋಡಿದೆ. ಅವನು ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಗಿಲನ್ನು ಗೋಡೆಯವರೆಗೂ ತಳ್ಳಿ, ಅದರ ಬುಡಕ್ಕೆ ಕಲ್ಲನ್ನು ಒತ್ತಿಟ್ಟ. ಬಾಗಿಲು ಅಲುಗಾಡಲಿಲ್ಲ. ಆಮೇಲೆ ಒಳಗೆ ಹೋಗದೆ ನನ್ನ ಪಕ್ಕದಲ್ಲೇ ನಿಂತ.

ಹತ್ತು ನಿಮಿಷ ಎಂದಿದ್ದ ಪೊಲೀಸರು ನಲವತ್ತು ನಿಮಿಷಕ್ಕೆ ಬಂದರು. ಕ್ಯಾನನ್ನು ಚೀಲಕ್ಕೆ ಹಾಕಿಕೊಂಡರು. "ಎಸೆದ ಕಲ್ಲು ಎಲ್ಲಿ? ಅದನ್ನ ತಗೊಂಡು ಹೋಗಬೇಕು," ಎಂದರು.

"ಬಾಗಿಲು ಹಿಡ್ಕೊಂಡಿದೆ," ಎಂದೆ. "ಆರಾಧನೆ ಮುಗಿದ ಮೇಲೆ ಬನ್ನಿ."